ಮೂರು ಹೋಟೆಲು, ಒಂದು ಹೂಮಳೆ

ಪ್ರವಾಸ ಹೋಗುವುದಕ್ಕಿಂತ ಪ್ರವಾಸದ ಪಟ್ಟಿ ಮಾಡುವುದೇ ನನಗೆ ಹೆಚ್ಚು ಇಷ್ಟ ಎಂದರೆ ಜನ ನಗುತ್ತಾರೆ. ನಗಲಿ. ಪಟ್ಟಿಯಲ್ಲಿ ಯಾರಿಗೂ ಬಸ್ಸಿನ ವಾಸನೆಗೆ ವಾಂತಿಯಾಗುವುದಿಲ್ಲ, ಯಾರ ಚಪ್ಪಲಿಯೂ ಕಿತ್ತುಹೋಗುವುದಿಲ್ಲ, ಅಪ್ಪ ನಡುವೆ ಟೆಲಿಫೋನ್ ಹುಡುಕಿಕೊಂಡು ಮಾಯವಾಗುವುದಿಲ್ಲ. ಚಿಕ್ಕಂದಿನಿಂದ ದಿನಚರಿ ಬರೆಯುವ ಚಟದವಳು ನಾನು. ತಾರೀಖು ಹಾಕದೆ ಒಂದು ಸಾಲೂ ಬರೆದವಳಲ್ಲ. ಎಮ್ಮೆ ಕರು ಹಾಕಿದ್ದು, ಅತ್ತೆ ಬಂದದ್ದು, ಅತ್ತೆ ಮುನಿಸಿಕೊಂಡು ಹೋದದ್ದು, ಎಲ್ಲಕ್ಕೂ ನನ್ನಲ್ಲಿ ದಾಖಲೆ ಇದೆ. ಅಂಥವಳು ನನ್ನ ಬಾಳಿನ ಮೊದಲ ದೊಡ್ಡ ಪ್ರವಾಸಕ್ಕೆ ಎಷ್ಟು ತಯಾರಿ ಮಾಡಿಕೊಂಡಿರಬೇಡ, ನೀವೇ ಯೋಚಿಸಿ.

ಅದು ನಾನು ಎಸ್ಸೆಸ್ಸೆಲ್ಸಿ ಬರೆದು ಮುಗಿಸಿದ್ದ ಬೇಸಿಗೆ. ಕಾಫಿಗೆ ಒಳ್ಳೆಯ ರೇಟು ಬಂದಿದ್ದ ವರ್ಷ. ಕೆ. ಹೊಸಕೋಟೆಯ ಹತ್ತಿರ ನಮ್ಮದೊಂದು ಸಣ್ಣ ತೋಟ. ಕುಯ್ಲು ಮುಗಿದ ಖುಷಿಯಲ್ಲಿ ಅಪ್ಪ, "ಪರೀಕ್ಷೆ ಮುಗೀಲಿ ಮಗಾ, ಬೆಂಗಳೂರಿನ ಆ ಪಾರ್ಕಿಗೆ ಹೋಗಿ ಹತ್ತು ದಿನ ಇದ್ದು ಬರಾಣ" ಎಂದಿದ್ದರು. ನೀರಿನ ಜಾರುಬಂಡೆ, ಅಲೆ ಏಳುವ ಕೊಳ, ತಲೆಕೆಳಗಾಗುವ ರೈಲು, ಎಲ್ಲಕ್ಕಿಂತ ಮಿಗಿಲಾಗಿ ಆಕಾಶಕ್ಕೆ ಹೋಗಿ ಬರುವ ಜಯಂಟ್ ವೀಲ್. ಯಾವ ದಿನ ಯಾವುದು ಎಂದು ಹಂಚಿ ಬರೆದೆ. ಜಯಂಟ್ ವೀಲನ್ನು ಕೊನೆಯ ದಿನಕ್ಕೆ ಇಟ್ಟೆ. ಎಲೆಯ ಮೇಲಿನ ಹೋಳಿಗೆಯನ್ನೂ ನಾನು ಕೊನೆಗೇ ತಿನ್ನುವುದು.

ಪಟ್ಟಿಯಲ್ಲಿ ಸೇರಿಸಲು ಮರೆತದ್ದು ಒಂದೇ, ಹೂಮಳೆ. ಬೇಸಿಗೆಯಲ್ಲಿ ಒಂದು ಮಳೆ ಸರಿಯಾಗಿ ಬಿದ್ದರೆ ಎಂಟೊಂಬತ್ತು ದಿನಕ್ಕೆ ಕಾಫಿ ಗಿಡ ಹೂವಾಗುತ್ತದೆ. ಬೀಳದಿದ್ದರೆ ಮೊಗ್ಗು ಗಿಡದಲ್ಲೇ ಒಣಗಿ ಮುಂದಿನ ಬೆಳೆಯ ಕಥೆ ಅಲ್ಲಿಗೆ ಮುಗಿಯುತ್ತದೆ. ಆ ದಿನಗಳಲ್ಲಿ ನಮ್ಮ ಕಡೆಯವರು ಮಾತಾಡುವಾಗ ಎದುರಿನವರ ಮುಖ ನೋಡುವುದಿಲ್ಲ, ಅವರ ತಲೆಯ ಮೇಲಿನ ಆಕಾಶ ನೋಡುತ್ತಾರೆ. "ಮಳೆ ನಾವಿದ್ರೂ ಬರುತ್ತೆ, ಇಲ್ದಿದ್ರೂ ಬರುತ್ತೆ. ನಡೀರಿ ಹೋಗಾಣ" ಎಂದು ಅಪ್ಪ ಧೈರ್ಯವಾಗಿ ಜೀಪು ಹತ್ತಿದರು. ಆ ಧೈರ್ಯ ಹಾಸನದವರೆಗೂ ಇತ್ತು.

ಮೊದಲ ಹೋಟೆಲು ಪಾರ್ಕಿನ ಗೇಟಿಗೆ ಎದುರು. ಅವ್ವ ಕಿಟಕಿಯ ಪರದೆ ಸರಿಸಿದರೆ ಕಿಟಕಿಯ ತುಂಬಾ ಜಯಂಟ್ ವೀಲ್! ತೊಟ್ಟಿಲಲ್ಲಿ ಕೂತವರ ಕಿರುಚಾಟ ಕೂಡ ಕೇಳಿಸುತ್ತಿತ್ತು. ನಾನು ಅಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಮಾರನೆಯ ದಿನ ಪಾರ್ಕಿಗೆ ಹೋದೆವು. ಅಲ್ಲೊಂದು ಕಡೆ ತೂತು ಪೈಪುಗಳಿಂದ ಮಳೆ ಸುರಿಸಿ ಜನರನ್ನು ಕುಣಿಸುತ್ತಿದ್ದರು. ಎಲ್ಲರೂ ಕುಣಿಯುತ್ತಿದ್ದರೆ ಅಪ್ಪ ಮಾತ್ರ ಪಂಚೆ ಎತ್ತಿ ಕಟ್ಟಿ, ಅಂಗೈ ಚಾಚಿ, ಹನಿಯ ತೂಕ ನೋಡುತ್ತಾ ನಿಂತರು.

"ಒಂದ್ ಗಂಟೆ ಹಿಂಗೇ ಬಿದ್ರೆ ಒಂದಿಂಚು ಗ್ಯಾರಂಟಿ ಕಣೇ" ಎಂದರು ಅವ್ವನಿಗೆ. "ಇಲ್ಲಿ ಯಾರಿಗ್ ಬೇಕಾಗಿತ್ತು ಇದು? ಸಿಮೆಂಟಿನ ಮೇಲೆ!"

ಆ ಹೋಟೆಲಿನ ರೂಮಿನಲ್ಲಿ ಫೋನ್ ಇರಲಿಲ್ಲ. ಗೇಟಿನ ಬಳಿಯ ಎಸ್‌ಟಿಡಿ ಬೂತಿನಲ್ಲಿ ಸರದಿ ನಿಂತು ಅಪ್ಪ ನಮ್ಮ ತೋಟದ ಲೆಕ್ಕಪತ್ರ ನೋಡುವ ರೈಟರ್ ಚಂದ್ರಣ್ಣನಿಗೆ ಫೋನ್ ಮಾಡಿದರು. "ಆನೇಮಹಲ್ ಕಡೆ ಮಳೆ ಚೆನ್ನಾಗ್ ಹೊಡೀತಂತೆ ಗೌಡ್ರೇ. ಸಕಲೇಶಪುರ ಪೇಟೆ ತನ್ಕ ಬಂದು ನಿಂತ್‌ಬುಡ್ತಂತೆ" ಎಂದಿತು ಆ ಕಡೆಯ ದನಿ.

"ನಿಂತ್‌ಬುಡ್ತಾ? ಯಾಕಯ್ಯ ನಿಲ್ತು?" ಎಂದು ಅಪ್ಪ ರೇಗಿದರು, ಚಂದ್ರಣ್ಣನೇ ಅಡ್ಡ ನಿಂತು ತಡೆದನೇನೋ ಎಂಬಂತೆ. ಅಂದು ಸಂಜೆಯೊಳಗೆ ರೂಮಿನಲ್ಲೇ ಫೋನಿರುವ ರೆಸಾರ್ಟಿಗೆ ನಮ್ಮ ಗಂಟುಮೂಟೆ ಹೋಯಿತು. ಮಣ್ಣು ಮೆತ್ತಿದ ಜೀಪನ್ನು ನೋಡಿ ಅಲ್ಲಿನ ವಾಚ್‌ಮನ್, ತರಕಾರಿ ತಂದವರೆಂದು ಹಿಂದಿನ ಗೇಟು ತೋರಿಸಿದ.

ರೆಸಾರ್ಟು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ಪಾರ್ಕಿಗೆ ದೂರ. ಜಯಂಟ್ ವೀಲಿನ ಮೇಲಿನ ಅರ್ಧ ಮಾತ್ರ ನೀಲಗಿರಿ ಮರಗಳ ತುದಿಯಲ್ಲಿ ಕಾಣುತ್ತಿತ್ತು. ತೊಟ್ಟಿಲುಗಳು ಒಂದೊಂದಾಗಿ ಮರದಿಂದ ಹುಟ್ಟಿ ಮರದಲ್ಲೇ ಮುಳುಗುತ್ತಿದ್ದವು. ಅಪ್ಪ ಹೊತ್ತುಹೊತ್ತಿಗೆ ಫೋನ್ ತಿರುಗಿಸುವರು, ಲೈನು ಸಿಗದು. ಪಾರ್ಕಿಗೆ ಹೊರಡುವುದು ಮಧ್ಯಾಹ್ನವಾಗುವುದು, ಒಂದು ಆಟ ಮುಗಿಯುವಷ್ಟರಲ್ಲಿ "ಫೋನಿಗೆ ಹೊತ್ತಾಯ್ತು ನಡೀರಿ" ಎನ್ನುವರು. ನನ್ನ ಪಟ್ಟಿಯಲ್ಲಿ ಗುರುತು ಹಾಕಿದ್ದಕ್ಕಿಂತ ಮುಂದೂಡಿದ್ದೇ ಹೆಚ್ಚಾಯಿತು.

ಒಂದು ಬೆಳಗ್ಗೆ ತಿಂಡಿಗೆ ಹೋಗುವಾಗ ಅವ್ವ ನಡುದಾರಿಯಲ್ಲಿ ನಿಂತುಬಿಟ್ಟಳು. "ಏನ್ರೀ... ಹೂವಿನ ವಾಸ್ನೆ."

ಹೌದು! ರಿಸೆಪ್ಷನ್ ಪಕ್ಕದ ಹುಲ್ಲುಹಾಸಿನ ಮೂಲೆಯಲ್ಲಿ, ಕ್ರೋಟನ್ ಗಿಡಗಳ ನಡುವೆ, ಚಂದಕ್ಕೆಂದು ನೆಟ್ಟ ಒಂದೇ ಒಂದು ಕಾಫಿ ಗಿಡ. ದಿನಾ ಬೀಳುವ ಪೈಪಿನ ನೀರಿಗೆ ಮೈತುಂಬಾ ಬೆಳ್ಳಗೆ ಅರಳಿತ್ತು. ನಾವು ಮೂವರೂ ದೇವರ ಮುಂದೆ ನಿಂತಂತೆ ನಿಂತೆವು. ಅವ್ವ ಒಂದು ರೆಂಬೆಯನ್ನು ಮುಖದ ಹತ್ತಿರಕ್ಕೆ ತಂದುಕೊಂಡು ಕಣ್ಣು ಮುಚ್ಚಿದಳು. ನಮ್ಮ ತೋಟ ಆ ಹೊತ್ತಿನಲ್ಲಿ ಹೇಗೆ ಒಣಗಿ ನಿಂತಿದೆ ಎಂಬುದು ಮೂವರಿಗೂ ಗೊತ್ತಿತ್ತು. ಅಪ್ಪನ ಕೈ ಮಾತ್ರ ಸುಮ್ಮನಿರಲಿಲ್ಲ. ಕಾಫಿ ಗಿಡ ಕಂಡರೆ ಬೇಡದ ಚಿಗುರು ಮುರಿಯುವುದು ಆ ಕೈಗಳ ಅಭ್ಯಾಸ, ಅದಕ್ಕೆ ತಲೆಯ ಅಪ್ಪಣೆ ಬೇಕಿಲ್ಲ. ಪಟಪಟನೆ ಮುರಿದು ಕಾಲಬುಡದಲ್ಲಿ ಗುಡ್ಡೆ ಹಾಕತೊಡಗಿದರು. ಗಿಡ ಅರ್ಧಕ್ಕರ್ಧ ಬೋಳಾಗುವಷ್ಟರಲ್ಲಿ ಮ್ಯಾನೇಜರ್ ಓಡಿ ಬಂದ.

"ಸಾರ್, ಸಾರ್! ಏನ್ ಮಾಡ್ತಿದೀರಾ?"

"ಚಿಗುರು ತೆಗೀತಿದೀನಿ ಕಣಪ್ಪ. ಹಿಂಗೇ ಬಿಟ್ಟಿದ್ರೆ ನಿಂಗೆ ಕಾಯೇ ನಿಲ್ತಿರ್ಲಿಲ್ಲ."

"ಅದು ಶೋಗೆ ಇಟ್ಟಿರೋದು ಸಾರ್. ಕಾಯಿ ಬಿಟ್ರೆ ಕೆಳಗೆಲ್ಲ ಗಲೀಜು. ನಮಗೆ ಕಾಯಿ ಬೇಡ."

"ಬೇಡ್ವಾ?" ಎಂದರು ಅಪ್ಪ. ಬೆಲೆ ಬಿದ್ದದ್ದು ಕೇಳಿದ್ದಾರೆ, ಕಾಯಿಕೊರಕ ಹುಳ ಬಿದ್ದದ್ದು ನೋಡಿದ್ದಾರೆ, ಆದರೆ ಇಂಥ ಮಾತನ್ನು ಅವರು ಅಂದಿನವರೆಗೆ ಕೇಳಿರಲಿಲ್ಲ. ರೂಮಿಗೆ ಬಂದು ಬ್ಯಾಗಿನ ಜಿಪ್ಪು ಎಳೆಯುತ್ತಾ, "ಕಾಯಿ ಬೇಡ ಅನ್ನೋರ ಜಾಗದಾಗೆ ನಾವು ಇರಬಾರ್ದು ಕಣೇ" ಎಂದರು. ಅವ್ವ ತನ್ನ ಕಾಫಿ ಫಿಲ್ಟರನ್ನು ಸೀರೆಯಲ್ಲಿ ಸುತ್ತಿದಳು.

ಮೂರನೆಯ ಹೋಟೆಲಿನಿಂದ ಜಯಂಟ್ ವೀಲ್ ಕಾಣುತ್ತಲೇ ಇರಲಿಲ್ಲ. ಕತ್ತಲಾದ ಮೇಲೆ ದೂರದಲ್ಲಿ ಬಣ್ಣದ ದೀಪದ ಒಂದು ಬಳೆ ತಿರುಗುತ್ತಿತ್ತು, ಅಷ್ಟೆ. ನಾನು ಅದನ್ನೇ ನೋಡುತ್ತಾ ಕೂತಿದ್ದ ಸಂಜೆ, ಅಪ್ಪ ಊರಿಗೆ ಕೊಟ್ಟಿದ್ದ ನಂಬರಿಗೆ ಫೋನ್ ಬಂತು.

"ಬಂತು ಗೌಡ್ರೇ, ಬಂತು! ಆಗ್ಲೇ ಒಂದಿಂಚು ಮೇಲಾಗೈತೆ, ಇನ್ನೂ ಹೊಡೀತಾನೇ ಐತೆ. ಕೇಳುಸ್ಕಳಿ!" ಎಂದು ಕೂಗಿದ ಚಂದ್ರಣ್ಣ, ರಿಸೀವರನ್ನು ಕಾಫಿ ಮೂಟೆ ಇಡುವ ಸ್ಟೋರಿನ ತಗಡಿನ ಮಾಡಿನ ಕಡೆಗೆ ಹಿಡಿದ. ಅಪ್ಪ ಕೇಳಿದರು. ಅವ್ವನಿಗೆ ಕೊಟ್ಟರು. ಅವ್ವ ಕೇಳಿ ನನಗೆ ಕೊಟ್ಟಳು. ತಗಡಿನ ಮೇಲೆ ಮಳೆ ಧೋ ಎನ್ನುತ್ತಿತ್ತು. ನಡುವೆ ನಮ್ಮ ನಾಯಿ ಬೊಗಳಿದ್ದೂ ಕೇಳಿಸಿತು. ಲೈನು ಕಟ್ಟಾದ ಮೇಲೂ ನಾನು ಸ್ವಲ್ಪ ಹೊತ್ತು ರಿಸೀವರ್ ಕೆಳಗಿಡಲಿಲ್ಲ.

ಅಪ್ಪ ಹತ್ತು ವರ್ಷ ಚಿಕ್ಕವರಾದಂತೆ ಕಂಡರು. "ಇನ್ನೇನಿಲ್ಲ ಮಗಾ. ನಾಳೆ ಬೆಳಗ್ಗಿಂದ ಕತ್ತಲಾಗ ತನ್ಕ ಪಾರ್ಕು. ಫೋನು ಗೀನು ಇಲ್ಲ. ನಿನ್ನ ಜಯಂಟ್ ವೀಲು ನಾಳೇನೇ ಹತ್ತಾಣ."

ಆ ಮಾತಿಗಾಗಿ ನಾನು ದಿನ ಎಣಿಸಿದ್ದೆ. ಬಾಯಿ ತೆರೆದರೆ ಬಂದದ್ದು ಬೇರೆಯೇ. "ಊರಿಗೆ ಹೋಗೋಣಪ್ಪ" ಎಂದುಬಿಟ್ಟೆ.

ಬೇಡ ಎನ್ನುತ್ತಾರೇನೋ ಎಂದು ಇಬ್ಬರ ಮುಖ ನೋಡಿದೆ. ಅವ್ವ ಆಗಲೇ ಹಗ್ಗದಿಂದ ಒದ್ದೆ ಟವೆಲ್ಲು ಎಳೆಯುತ್ತಿದ್ದಳು. ಅಪ್ಪ ಜೀಪಿನ ಕೀಲಿ ಹುಡುಕುತ್ತಿದ್ದರು.

ಊರು ತಲುಪಿದ ಗಳಿಗೆಯೇ ಬ್ಯಾಗು ಇಳಿಸದೆ ತೋಟಕ್ಕೆ ಓಡಿದೆ. ಮಣ್ಣು ನೆನೆದು ಘಮಘಮ ಎನ್ನುತ್ತಿತ್ತು. ಗಿಡದಲ್ಲಿ ಹಸಿರು ಮೊಗ್ಗು. ಬರೀ ಹಸಿರು ಮೊಗ್ಗು. ಮಳೆಯಾದ ಎಂಟೊಂಬತ್ತು ದಿನಕ್ಕೆ ಹೂವೆಂದು ನಿದ್ದೆಯಲ್ಲೂ ಹೇಳಬಲ್ಲ ನಾನು, ಮಾರನೆಯ ದಿನವೇ ಹೂ ನೋಡಲು ಬಂದಿದ್ದೆ! ಇನ್ನೂ ಪೂರಾ ಒಂದು ವಾರ ಪಾರ್ಕಿನಲ್ಲಿ ಇದ್ದು ಬರಬಹುದಿತ್ತು. ಆ ವಾರವೆಲ್ಲ ಜಗಲಿಯ ಮೇಲೆ ಕೂತು, ಈಗ ಅಲ್ಲಿ ಅಲೆ ಬಿಟ್ಟಿರುತ್ತಾರೆ, ಈಗ ದೀಪ ಹಾಕಿರುತ್ತಾರೆ ಎಂದು ಗಡಿಯಾರ ನೋಡಿದೆ. "ಅಲ್ಲಿದ್ದಾಗ ಇಲ್ಲಿಗೆ ಬರಬೇಕು ಅಂದೆ. ಈಗ ಯಾಕೇ ಹಿಂಗೆ ಕುಂತಿದೀಯ?" ಎಂದು ಅವ್ವ ಹಂಗಿಸಿದಳು.

ಕಡೆಗೆ ಒಂದು ಬೆಳಗ್ಗೆ ಗುಡ್ಡವೆಲ್ಲ ಬೆಳ್ಳಗಾಯಿತು. ಹೂ ನೋಡಲು ಸಕಲೇಶಪುರದಿಂದ ಅತ್ತೆ ಬಂದಳು. ಹೂವನ್ನು ಒಂದು ಗಳಿಗೆ ನೋಡಿ ನನ್ನ ಕಡೆ ತಿರುಗಿ, "ಜಯಂಟ್ ವೀಲ್ ಹತ್ತಿದ್ಯೇನೇ? ಹೆಂಗಿತ್ತು?" ಎಂದು ಕೇಳಿದಳು.

ಆ ಕ್ಷಣ ನನ್ನ ದಾಖಲೆ ಪ್ರೀತಿ ಎಲ್ಲಿ ಹೋಯಿತೋ. ತೊಟ್ಟಿಲು ಮೇಲೇರಿದಂತೆ ಹೊಟ್ಟೆ ಖಾಲಿಯಾಗುವುದು, ತುದಿಯಲ್ಲಿ ಒಂದು ನಿಮಿಷ ನಿಲ್ಲಿಸುವುದು, ಜನ ಇರುವೆಯಂತೆ ಕಾಣುವುದು, ಎಲ್ಲ ಹೇಳಿದೆ. ಪಕ್ಕದಲ್ಲಿದ್ದ ಅಪ್ಪನ ಕಡೆ ನೋಡಲು ಧೈರ್ಯವಾಗಲಿಲ್ಲ. ಅಪ್ಪ ಒಂದು ಹೂವಿನ ರೆಂಬೆ ಸರಿಪಡಿಸುತ್ತಾ ನಿಧಾನವಾಗಿ ಹೇಳಿದರು: "ಗಾಳಿ ಜೋರು ಕಣವ್ವ ಮೇಲೆ. ನಾನು ಪಂಚೆ ಹಿಡ್ಕಂಡೇ ಕುಂತಿದ್ದೆ."

ಈಗಲೂ ಯಾರಾದರೂ ಕೇಳಿದರೆ ನಾವಿಬ್ಬರೂ ಆ ಮೇಲಿನ ಗಾಳಿಯ ಬಗ್ಗೆ ಬಹಳ ಹೊತ್ತು ಮಾತಾಡುತ್ತೇವೆ. ನನಗಂತೂ ಅದು ಎಷ್ಟು ಚೆನ್ನಾಗಿ ನೆನಪಿದೆಯೆಂದರೆ, ಇನ್ನೊಮ್ಮೆ ಹತ್ತಬೇಕೆಂಬ ಆಸೆ ಇನ್ನೂ ಹೋಗಿಲ್ಲ.