ಲಂಡನ್ ಟೆಲಿವಿಷನ್ ಮಾವ ಹೆಣ್ಣು ನೋಡಿದ್ದು

ನಮ್ಮ ಮಾವ ಇದ್ದ ಕಡೆ ಏನಾದರೂ ಒಂದು ಆಗೇ ಆಗುತ್ತೆ. ಆಗದಿದ್ದರೆ ನಾನಿದ್ದೀನಲ್ಲ. ಮಾವ ಅಂದರೆ ಅಮ್ಮನ ತಮ್ಮ, ಹೊಳೆನರಸೀಪುರದವನು. ಮಿಮಿಕ್ರಿ ಮಾಡಿ ಹಾಸನ ಸೀಮೆಯನ್ನೆಲ್ಲ ನಗಿಸುತ್ತಿದ್ದ. ನಾನು ಎಸ್ಸೆಸ್ಸೆಲ್ಸಿಗೆ ಎರಡು ಸಲ ಕೂತು ಎರಡು ಸಲವೂ ಹಾಗೇ ಎದ್ದುಬಂದವನು. ಅವನ ಜೊತೆ ತಿರುಗಲು ಬೇಕಾದಷ್ಟು ಪುರಸೊತ್ತು.

ಥೇಟ್ ಅವನೇ

ಚನ್ನರಾಯಪಟ್ಟಣದ ವೆರೈಟಿ ಪ್ರೋಗ್ರಾಮಿನಲ್ಲಿ ಮಾವ ಅಮಲ್ದಾರರನ್ನೇ ಅನುಕರಿಸಿದ. ನಡಿಗೆ, ಕೆಮ್ಮು, ನಶ್ಯ, ಎಲ್ಲ. ಮುಂದಿನ ಸಾಲಿನಲ್ಲಿದ್ದ ಅಮಲ್ದಾರರು ಬಿದ್ದು ಬಿದ್ದು ನಕ್ಕು, "ಥೇಟ್ ನಮ್ಮ ಶೇಕ್‌ದಾರ ಕಣ್ರೀ" ಅಂದರು. ಎರಡನೇ ಸಾಲಿನಲ್ಲಿದ್ದ, ಅವರ ಕೈಕೆಳಗಿನ ಶೇಕ್‌ದಾರರು, "ಅಲ್ಲ ಸಾ, ನಮ್ಮ ಶಾನುಭೋಗ" ಅಂದರು. ಕೊನೇ ಸಾಲಿನ ಶಾನುಭೋಗರು ಹಿಂದೆ ತಿರುಗಿದರು. ಅಲ್ಲಿ ಬರೀ ಗೋಡೆ.

ಕೂಡದ ಜಾತಕ

ಇಷ್ಟು ನಗಿಸಿದರೂ ಮಾವನಿಗೆ ಹೆಣ್ಣು ಸಿಗಲಿಲ್ಲ. ಮಗಳಿಗೆ ಗಂಡು ಹುಡುಕುತ್ತಿದ್ದ ಅರಕಲಗೂಡಿನ ಮೇಷ್ಟರು ನಮ್ಮ ಅಜ್ಜನನ್ನು ಕೇಳಿದರು: "ಹುಡುಗ ಏನು ಮಾಡ್ತಾನೆ?"

"ನಗಿಸ್ತಾನೆ."

"ಅದಿರಲಿ, ಕೆಲಸ ಏನು?"

ಜಾತಕ ಕೂಡಲಿಲ್ಲ ಅಂತ ವಾಪಸು ಕಳಿಸಿದರು. ಮಾವ ಬೇಜಾರಾಗಿ ಸ್ನೇಹಿತನ ಹಿಂದೆ ಲಂಡನ್ನಿಗೆ ಹೊರಟುಹೋದ. ಎರಡು ವರ್ಷಕ್ಕೆ ನನಗೊಂದು ಕಾಗದ ಬಂತು: ಟೆಲಿವಿಷನ್ ನಾಟಕದಲ್ಲಿ ಪಾರ್ಟು ಸಿಕ್ಕಿದೆಯಂತೆ. ಎಂಥ ಪಾರ್ಟು ಅಂತಲೂ ಬರೆದಿದ್ದ. ಅದೊಂದನ್ನು ನಾನು ಯಾರಿಗೂ ಹೇಳಲಿಲ್ಲ.

ಸಂತೆಯಲ್ಲಿ ಮೇಷ್ಟರು ಸಿಕ್ಕಿ, "ಟೆಲಿವಿಷನ್ ಅಂದ್ರೇನಯ್ಯ?" ಅಂದರು.

"ಪೆಟ್ಟಿಗೆ ಸಾರ್. ಮಹಾರಾಣಿ ಮನೇಲೂ ಇದೆ. ಅವರು ಊಟ ಮಾಡ್ತಾ ಮಾವನ್ನ ನೋಡ್ತಾರೆ. ಮಾವನೂ ಅವರನ್ನ ನೋಡ್ತಾನೆ."

ಮುಂದಿನ ವಾರವೇ ಜಾತಕ ಕೂಡಿತು. ಗ್ರಹಗಳೂ ಲಂಡನ್ನಿಗೆ ಹೋಗಿ ಬಂದಿರಬೇಕು.

ಪಾರ್ಟು

ಮಾವ ರಜದಲ್ಲಿ ಬಂದ. ಹೆಣ್ಣು ನೋಡಲು ಮೇಷ್ಟರ ಮನೆಗೆ ಹೋದೆವು. ಹುಡುಗಿಯನ್ನು ನೋಡಿದ್ದೇ ಮಾವ ನನ್ನ ಕಡೆ ಬಗ್ಗಿದ. ಈ ಸಂಬಂಧ ತಪ್ಪಿದರೆ ಇನ್ನು ಮದುವೆಯೇ ಬೇಡ ಅಂತ ನನ್ನ ಕಿವಿಯಲ್ಲಿ ಅಂದ. ಹುಡುಗಿ ಒಂದು ದೇವರನಾಮ ಹಾಡಿದಳು. ಅವಳ ಅಜ್ಜಿ, "ನಮ್ಮ ಮಗುದಾಯ್ತು. ನೀವು ಟೆಲಿವಿಷನ್ನಿನಲ್ಲಿ ಮಾಡಿದ್ದು ತೋರಿಸಿ" ಅಂದರು.

ಮಾವ ನನ್ನ ಮುಖ ನೋಡಿದ. "ತೋರಿಸು ಮಾವ, ಮನೆಯವರೇ ಅಲ್ವಾ" ಅಂದೆ ನಾನು.

ಮಾವ ಜಮಖಾನದ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದ. ಒಂದು ನಿಮಿಷವಾಯಿತು. ಎರಡಾಯಿತು.

"ಮಾತು ಯಾವಾಗ?" ಅಂದರು ಮೇಷ್ಟರು.

"ಮಾತಿಲ್ಲ ಸಾರ್" ಅಂದೆ ನಾನು. " ಹೆಣದ ಪಾರ್ಟು."

"ಶುಭಕ್ಕೆ ಕೂತ ಮನೇಲಿ ಹೆಣವೇ?" ಅಂತ ಅಜ್ಜಿ ಎದ್ದವರೇ ಎಲ್ಲರನ್ನೂ ಸ್ನಾನಕ್ಕೆ ಅಟ್ಟಿದರು. ಮಾವ ಭಯಕ್ಕೆ ಏಳಲೇ ಇಲ್ಲ. ಬಚ್ಚಲು ಒಂದೇ ಇದ್ದುದರಿಂದ ಹುಡುಗಿಯ ಸರದಿ ಬಂದಿರಲಿಲ್ಲ. ಅವಳು ಕಾಫಿ ತಂದು ಅವನ ತಲೆಯ ಹತ್ತಿರ ಇಟ್ಟಳು.

ಒಳಗಿಂದ ಅಜ್ಜಿ ಕೂಗಿದರು: "ಹೆಣ ಹೋಯ್ತೇನೇ?"

"ಇಲ್ಲಜ್ಜಿ, ಎದ್ದು ಕಾಫಿ ಕುಡೀತಿದೆ. ನಂಗೆ ಒಪ್ಪಿಗೆ."