ಈಗ ಬರದ ಚಾಕು

ನನಗೆ ಒಗ್ಗಿದ ವಸ್ತು ಅಂಗಡಿಯಲ್ಲಿ ಎರಡನೇ ಸಲ ಸಿಕ್ಕಿದ್ದೇ ಇಲ್ಲ. ಒಂದು ಶಾಯಿ ಪೆನ್ನು ಹಾಗೆ ಹೋಯಿತು, ಒಂದು ಬೇವಿನ ಸೋಪು ಹೋಯಿತು, ಹೇಳಿ ಮಾಡಿಸಿದಂತಿದ್ದ ಒಂದು ಜೊತೆ ಚಪ್ಪಲಿಯೂ ಹೋಯಿತು. ಧಾರವಾಡದ ಕಡೆಯವಳಾದ ನನ್ನ ಹೆಂಡತಿ ಇದಕ್ಕೆ ಕಾರಣವನ್ನೂ ಕಂಡುಹಿಡಿದಿದ್ದಾಳೆ. "ಏನರೇ ಛಲೋ ಅನಿಸಿದ್ರ ಬಾಯಿಬಿಟ್ಟು ಹೇಳಬ್ಯಾಡ್ರಿ. ಕಂಪನಿಯವರ ಕಿವಿಗೆ ಬಿತ್ತಂದ್ರ ಬಂದ್ ಮಾಡಿಬಿಡ್ತಾರ."

ನಾನು ಮೊದಲೇ ಮಾತು ಕಡಿಮೆಯವನು. ಆದರೂ ಚಾಕುವಿನ ವಿಷಯ ಹೇಗೋ ಕಂಪನಿಯವರಿಗೆ ತಿಳಿದುಹೋಯಿತು.

೧. ಪೇರಳೆ

ಅದು ಜೇಬಿನಲ್ಲಿ ಮಡಚಿಡುವ ಚಾಕು. ಬೀಟೆ ಮರದ ಹಿಡಿ, ಎರಡು ಹಿತ್ತಾಳೆ ಮೊಳೆ, ಬೆರಳುದ್ದದ ಒಂದೇ ಅಲಗು. ಮುಚ್ಚಿದರೆ 'ಟಕ್' ಎನ್ನುತ್ತದೆ. ಒಳ್ಳೆಯ ಪುಸ್ತಕ ಓದಿ ಮುಗಿಸಿ ಮುಚ್ಚಿದಂಥ ಸದ್ದು.

ಬೆಳಿಗ್ಗೆ ಡೊಂಬಿವಲಿಯಿಂದಲೇ ಹೊರಡುವ ಮುಂಬಯಿಯ ಲೋಕಲ್ ರೈಲಿನಲ್ಲಿ ನನಗೆ ಕಿಟಕಿಯ ಸೀಟು ಸಿಗುತ್ತದೆ. ದಿವಾ ಸ್ಟೇಷನ್ ದಾಟಿದ ಮೇಲೆ ಒಂದು ಪೇರಳೆ ತೆಗೆದು ಕೊಯ್ಯುತ್ತೇನೆ. ಮುಂಬ್ರಾದ ಹತ್ತಿರ ಖಾಡಿಯ, ಎಂದರೆ ಒಳನುಗ್ಗಿದ ಕಡಲಿನ, ನೀರಿನಿಂದ ಬೆಳಕು ಎದ್ದು ಬಂದು ಅಲಗಿನ ಮೇಲೆ ಕೂರುತ್ತದೆ. ಹಣ್ಣಿನ ವಾಸನೆ, ಉಪ್ಪುಗಾಳಿ, ಆಚೆ ಗುಡ್ಡದ ನೆರಳು. ಆ ಕೆಲವು ನಿಮಿಷ ಯಾರು ಏನು ಕೇಳಿದರೂ ನನಗೆ ಕೇಳಿಸುವುದಿಲ್ಲ.

ಒಂದು ದಿನ ಹಾಗೆಯೇ ಮೈಮರೆತು ಕೊಯ್ಯುತ್ತಿದ್ದೆ. ತಲೆ ಎತ್ತಿದರೆ ನನ್ನ ಮೊಣಕಾಲಿನ ಮುಂದೆ ಒಬ್ಬರೂ ಇಲ್ಲ! ಕಾಲಿಡಲು ಜಾಗವಿಲ್ಲದ ಆ ಡಬ್ಬಿಯಲ್ಲಿ ನನ್ನ ಸುತ್ತ ಒಂದು ಅಂಗಳವೇ ತೆರವಾಗಿತ್ತು. ನಿಂತವರೆಲ್ಲ ಹಿಂದಕ್ಕೆ ಒತ್ತಿಕೊಂಡು ಅಲಗನ್ನೇ ನೋಡುತ್ತಿದ್ದರು.

ಠಾಣೆ ಊರಿನಲ್ಲಿ ಹೋಟೆಲು ನಡೆಸುವ, ಉಡುಪಿ ಕಡೆಯ ಸ್ನೇಹಿತರೊಬ್ಬರು ನನಗೆ ದಿನವೂ ಜೊತೆ. ಅವರು ಆರಾಮಾಗಿ ಕಾಲು ಚಾಚಿದರು. "ಮಾರಾಯ್ರೆ, ಮುಚ್ಚಬೇಡಿ. ಠಾಣೆವರೆಗೆ ಕೊಯ್ತಾ ಇರಿ. ಇಷ್ಟು ಜಾಗ ಫಸ್ಟ್ ಕ್ಲಾಸಿನಲ್ಲೂ ಸಿಗುದಿಲ್ಲ, ನಾನು ಸುಮ್ಮನೆ ಅದರ ಪಾಸ್ ತೆಗೆದೆ ಅಲ್ವಾ!"

೨. ಸೀಟಿ

ಹೋಟೆಲಿನ ಸ್ನೇಹಿತರಿಗೂ ಅಂಥದ್ದೇ ಚಾಕು ಬೇಕಾಯಿತು. ನನಗೂ ಇನ್ನೊಂದು ಇರಲಿ ಅನ್ನಿಸಿತ್ತು. ಇರುವುದು ಒಂದೇ, ಕಳೆದರೆ ಗತಿಯೇನು ಎಂಬ ಭಯ. ಇಬ್ಬರೂ ಠಾಣೆ ಮಾರುಕಟ್ಟೆಯಲ್ಲಿ ನಾನು ಅದನ್ನು ಕೊಂಡಿದ್ದ ಹಳೆಯ ಅಂಗಡಿಗೆ ಹೋದೆವು. ಮಾಲೀಕ ಚಾಕುವನ್ನು ತೆರೆದ, ಮುಚ್ಚಿದ, ಮತ್ತೆ ತೆರೆದ. ಬಹಳ ದಿನದ ಮೇಲೆ ಸಿಕ್ಕ ಗೆಳೆಯನ ಮುಖ ನೋಡುವಂತೆ ನೋಡಿದ.

"ಬಂದ್ ಹೋ ಗಯಾ, ಸಾಬ್. ಕಂಪನಿಯೇ ಇಲ್ಲ."

"ಯಾಕೆ? ಇಷ್ಟು ಒಳ್ಳೆಯ ಮಾಲು!" ಎಂದರು ಸ್ನೇಹಿತರು.

ಮಾಲೀಕ ನನ್ನ ಕಡೆ ತಿರುಗಿದ. "ನೀವು ಇದನ್ನು ತೊಗೊಂಡು ಎಷ್ಟು ವರ್ಷ ಆಯ್ತು?"

"ಹದಿನೈದು ಆಗಿರಬಹುದು."

"ಅದಾದ ಮೇಲೆ ಈ ಕಡೆ ಬಂದಿದ್ದು?"

"ಇವತ್ತೇ."

"ಹಾಂ," ಎಂದ ಅವನು ನಿಧಾನವಾಗಿ. "ಹದಿನೈದು ವರ್ಷಕ್ಕೊಂದು ಸಲ ಬಂದು, ಕಂಪನಿ ಯಾಕೆ ಮುಚ್ಚಿತು ಅಂತ ಕೇಳ್ತೀರಿ."

ಬದಲಿಗೆ ಈಗಿನ ಮಾಲು ತೋರಿಸಿದ. ಚಾಕುವಿನ ಜೊತೆ ಟಾರ್ಚು, ಬಾಟ್ಲಿ ತೆರೆಯುವ ಕೊಕ್ಕೆ, ಹಿಂಬದಿಗೆ ಊದುವ ಒಂದು ಸೀಟಿ. ಅಲಗು ಮಾತ್ರ ಹಿಡಿಯಲ್ಲಿ ನಿಲ್ಲದೆ ಅಲುಗುತ್ತಿತ್ತು.

"ಸೀಟಿ ಯಾಕೆ?" ಎಂದೆ.

"ಕೈ ಕೊಯ್ದುಕೊಂಡರೆ ಯಾರನ್ನಾದರೂ ಕರೆಯೋಕೆ."

೩. ಖಂಡೇನವಮಿ

ಕಾಲೇಜಿಗೆ ಹೋಗುವ ನನ್ನ ಮಗಳು, "ಪಪ್ಪಾ, ದುಕಾನ್ ಮೇ ಕೌನ್ ಜಾತಾ ಹೈ?" ಎಂದು ಅಂಗಡಿಗೆ ಹೋಗುವವರನ್ನೇ ನಕ್ಕು, ಮೊಬೈಲಿನಲ್ಲಿ ಹುಡುಕಿದಳು. ಚಿತ್ರದಲ್ಲಿ ಅದೇ ಹಿಡಿ, ಅದೇ ಹಿತ್ತಾಳೆ ಮೊಳೆ. ಆರ್ಡರ್ ಮಾಡಿದಳು. ಅದು ಬರುವವರೆಗೆ ನಾನು ರೈಲಿನಲ್ಲಿ ಕೂತು, ಎರಡು ಚಾಕುಗಳು ಪಕ್ಕಪಕ್ಕ ಮಲಗಿರುವ ಡ್ರಾಯರನ್ನು ಕಣ್ಣಮುಂದೆ ತಂದುಕೊಳ್ಳುತ್ತಿದ್ದೆ.

ಪಾರ್ಸೆಲ್ ಬಂದದ್ದು ಖಂಡೇನವಮಿಯ, ಅಂದರೆ ಆಯುಧಪೂಜೆಯ ದಿನ. ಬೆಳಿಗ್ಗೆಯೇ ಹೆಂಡತಿ ಚಾಕು, ಕತ್ತರಿ, ಈಳಿಗೆಮಣೆ, ಮಿಕ್ಸರು, ಸ್ಕೂಟರಿನ ಕೀ ಎಲ್ಲವನ್ನೂ ದೇವರ ಮುಂದಿಟ್ಟು ಕುಂಕುಮ ಹಚ್ಚಿದ್ದಳು. ಡಬ್ಬಿಗೆ ಸುತ್ತಿದ್ದ ಟೇಪು ಹೆಬ್ಬಾವಿನಂತಿತ್ತು. ನಾನು ಚಾಕುವಿನ ಕಡೆ ಕೈ ಚಾಚಿದೆ.

"ಮುಟ್ಟಬ್ಯಾಡ್ರಿ! ಅವಕ್ಕ ಇವತ್ತ ಸೂಟಿ."

"ಕತ್ತರಿಗೂ ರಜೆಯೇ?"

"ಅದಕ್ಕೂ ಸೂಟಿ."

ಮಗಳು ಡಬ್ಬಿಯನ್ನು ಕಸಿದುಕೊಂಡು ಹಲ್ಲಿನಿಂದ ಟೇಪು ಕಿತ್ತಳು. "ದಾಂತ್ ಕೀ ಪೂಜಾ ನಹೀ ಕೀ ನಾ, ಮಮ್ಮಿ?"

ಒಳಗೆ ಒಂದು ಚರ್ಮದ ಚೀಲ. ಚಾಕು ಇಡುವ ಚೀಲ, ಚಾಕು ಇಲ್ಲ. ಮಗಳು ಮೊಬೈಲಿನಲ್ಲಿ ಮತ್ತೆ ನೋಡಿದಾಗ ಕೆಳಗೆ ಇರುವೆಯಂಥ ಅಕ್ಷರಗಳಿದ್ದವು: ಚಿತ್ರದಲ್ಲಿರುವ ಚಾಕು ಅಳತೆ ತೋರಿಸಲು ಮಾತ್ರ.

ದಸರೆಯ ರಜೆ ಮುಗಿದ ಮೇಲೆ ರೈಲಿನಲ್ಲಿ ಸ್ನೇಹಿತರಿಗೆ ಹೇಳಿದೆ. ಅವರು ನನ್ನ ಪೇರಳೆಯ ಒಂದು ಹೋಳು ಎತ್ತಿಕೊಂಡು, "ಚಾಕುವಿನಲ್ಲೇ ಮುಗೀತಲ್ಲ, ಒಳ್ಳೇದಾಯ್ತು ಬಿಡಿ. ನೀವು ಮೊನ್ನೆ ಮೊಬೈಲಿನಲ್ಲಿ ಆನೆಗೆ ಹಾಕುವ ಗಂಟೆ ನೋಡ್ತಿದ್ರಿ. ಅದನ್ನು ತರಿಸಿದ್ದರೆ ಆನೆಯೂ ಬರ್ತದೆ ಅಂತ ಬಾಗಿಲು ತೆಗೆದಿಟ್ಟು ಕಾಯ್ತಿದ್ರಿ!" ಎಂದರು.

೪. ಬೆಲ್ಟು

ಇನ್ನು ನವಿ ಮುಂಬಯಿಯ ಕಥೆ. ಮಗಳಿಗೆ ಬೂಟು ಕೊಳ್ಳಲು ನಾನೂ ಹೆಂಡತಿಯೂ ಒಂದು ದೊಡ್ಡ ಶಾಪಿಂಗ್ ಮಾಲಿಗೆ ಹೋಗಿದ್ದೆವು. ಬಾಗಿಲಿನ ಹೊರಗೆ ತಪಾಸಣೆಯ ಬೆಲ್ಟು. ಸಾಮಾನು ಅದರ ಮೇಲಿಟ್ಟರೆ ಯಂತ್ರದೊಳಗೆ ಹೋಗಿ ಮಾಲಿನ ಒಳಬದಿಯಲ್ಲಿ ಹೊರಬರುತ್ತದೆ. ಹೊರಗೆ ಒಬ್ಬ ಕಾವಲುಗಾರ, ಒಳಗೆ ಪರದೆ ನೋಡುತ್ತ ಇನ್ನೊಬ್ಬ. ಹೊರಗಿನವನು ನನ್ನ ಜೇಬು ತಡವಿ ಚಾಕು ತೆಗೆಸಿದ. ಲೈಟರು, ಬೆಂಕಿಪೊಟ್ಟಣ, ಗುಟ್ಕಾಗಳ ನಡುವೆ ಟ್ರೇಯಲ್ಲಿ ಇರಿಸಿದ. "ವಾಪಸ್ ಜಾತೇ ಟೈಮ್ ಲೇನಾ." ಹೋಗುವಾಗ ತೆಗೆದುಕೊಳ್ಳಬೇಕಂತೆ.

ಒಳಗೆ ತಂಪು ಗಾಳಿ, ನೆರಳಿಲ್ಲದ ಬೆಳಕು, ತಾನಾಗಿ ಮೇಲೇರುವ ಮೆಟ್ಟಿಲು. ಹಗಲೋ ಸಂಜೆಯೋ ತಿಳಿಯದು. ಜನ ನೀರಿನಡಿಯ ಮೀನುಗಳಂತೆ ತೇಲುತ್ತಿದ್ದರು. ಹೆಂಡತಿ ಬೂಟುಗಳನ್ನು ತೋರಿಸುತ್ತಿದ್ದಳು. ನನಗೆ ಎಲ್ಲ ಬೂಟಿನಲ್ಲೂ ಆ ಟ್ರೇ ಕಾಣುತ್ತಿತ್ತು. ಯಾರಾದರೂ ತಪ್ಪಿ ಎತ್ತಿಕೊಂಡರೆ? ಪ್ರಪಂಚದಲ್ಲಿ ಅದು ಇನ್ನೊಂದಿಲ್ಲ.

"ನಿಮ್ಮ ಜೀವ ಹೊರಗ ಕುಂತದ. ನಡೀರಿ," ಎಂದಳು ಹೆಂಡತಿ. ಮೊದಲು ಕಂಡ ಬೂಟನ್ನೇ ಕೊಂಡು ಹೊರಗೆ ಬಂದೆವು.

ಚಾಕು ಅಲ್ಲೇ ಇತ್ತು. ಅದನ್ನು ಎತ್ತಿಕೊಂಡ ಹೊರಗಿನ ಕಾವಲುಗಾರನ ಮುಖ ನಮ್ಮ ಮಾತು ಕೇಳಿ ಅರಳಿತು. "ಕನ್ನಡದವ್ರೇನ್ರಿ? ನಾವು ವಿಜಾಪುರ ಕಡೆಯವ್ರು. ಹಿಂತಾ ಚಾಕು ಈಗ ಬರಂಗಿಲ್ಲ ನೋಡ್ರಿ ಸರ. ಜ್ವಾಕಿ ಮಾಡ್ರಿ."

ಕೈ ಚಾಚಿದೆ. ಅವನು ಕೊಡಲಿಲ್ಲ.

"ಕೈಯಾಗ ಕೊಡಂಗಿಲ್ರಿ. ಚಾಕು ಕೈಯಿಂದ ಕೈಗೆ ಕೊಟ್ರ ಇಬ್ಬರಿಗೂ ಜಗಳ ಹತ್ತತೈತಿ. ಕೆಳಗ ಇಡತೀನಿ, ತೊಗೋರಿ."

"ಖರೇ ಅದ," ಎಂದಳು ಹೆಂಡತಿ, ಅವನನ್ನು ಮೆಚ್ಚಿ. "ಆದ್ರ ನೆಲದ ಮ್ಯಾಲ ಬ್ಯಾಡಪ್ಪಾ. ಮಂದಿ ಚಪ್ಪಲಿ ತುಳಿದದ್ದು. ಪೂಜಾ ಮಾಡಿದ ಆಯುಧ ಅದು."

ಅವನು ಅತ್ತಿತ್ತ ನೋಡಿದ. ಪೂಜೆಯ ಆಯುಧವನ್ನು ಮತ್ತೆ ಗುಟ್ಕಾಗಳ ಟ್ರೇಗೆ ಹಾಕುವಂತಿರಲಿಲ್ಲ; ಟ್ರೇ ಇಟ್ಟಿದ್ದ ಮೇಜೂ ತುಂಬಿತ್ತು. ಶುದ್ಧವಾದ, ಸಮನಾದ, ಕಪ್ಪಗೆ ಹೊಳೆಯುವ ಜಾಗ ಒಂದೇ ಇತ್ತು. ಭಕ್ತಿಯಿಂದ ಬೆಲ್ಟಿನ ಮೇಲಿಟ್ಟ.

ಬೆಲ್ಟು ಓಡುತ್ತಿತ್ತು. ಚಾಕು ಸಣ್ಣ ದೋಣಿಯ ಹಾಗೆ ಮೆಲ್ಲಗೆ ಸಾಗಿ, ರಬ್ಬರಿನ ಪರದೆ ಸರಿಸಿ, ಗುಹೆಯೊಳಗೆ ಹೋಯಿತು. ಮೂವರೂ ನೋಡುತ್ತ ನಿಂತೆವು. ನೋಡಲು ಚೆನ್ನಾಗಿಯೇ ಇತ್ತು.

"ಚಾಕೂ! ಕೋಣಾಚಾ ಆಹೇ?" ಯಾರದು ಎಂದು ಒಳಗಿನವನು ಮರಾಠಿಯಲ್ಲಿ ಕೂಗಿದ.

ಅವನು ಚಾಕು ಹಿಡಿದು ಬಾಗಿಲಿಗೆ ಬಂದು ನಮ್ಮ ವಿಜಾಪುರದವನ ಕಡೆ ಚಾಚಿದ. ನಮ್ಮವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ಹಾಥ್ ಮೇ ನಹೀ! ನೀಚೇ ರಖ್!"

ಕೆಳಗಿಡಲು ಒಳಗಿನವನಿಗೂ ಹತ್ತಿರ ಕಂಡದ್ದು ಬೆಲ್ಟೇ. ದೋಣಿ ಮತ್ತೆ ಹೊರಟಿತು.

ನಮ್ಮ ಹಿಂದೆ ಸಾಲು ಬೆಳೆಯುತ್ತಿತ್ತು. ಹೆಂಡತಿ ಬೂಟಿನ ಚೀಲವನ್ನು ನನ್ನ ಕೈಗೆ ತುರುಕಿ, "ಒಳಗ ಹೋಗಿ ಚೀಲಾ ಹಿಡೀರಿ. ಅದರಾಗ ಹಾಕಲಿ. ಯಾರ ಕೈಯಾಗೂ ಕೊಟ್ಟಂಗಾಗಂಗಿಲ್ಲ," ಎಂದಳು.

ಹೋಗಿ ಹಿಡಿದೆ. ಒಳಗಿನವನು ಚಾಕುವನ್ನು ಬೂಟಿನ ಮೇಲೆ ಹಾಕಿದ. ಕೃತಜ್ಞತೆಯಿಂದ ತಲೆಬಾಗಿ ಹೊರಡುತ್ತಿದ್ದೆ.

"ಥಾಂಬಾ, ಕಾಕಾ." ಅವನು ತಡೆದ, ಮುಖ ಗಂಭೀರವಾಗಿತ್ತು. ಅವನ ಲೆಕ್ಕದಲ್ಲಿ ನಾನು ಈಗಷ್ಟೇ ಮಾಲಿನೊಳಗೆ ಬಂದವನು, ಚೀಲ ತಪಾಸಣೆಯಾಗಿಲ್ಲ. ಚೀಲವನ್ನು ತಾನೇ ಹೊರಗೊಯ್ದು ಬೆಲ್ಟಿಗೆ ಹಾಕಿ, ಬಂದು ತನ್ನ ಪರದೆಯ ಮುಂದೆ ಕೂತ. ಬೂಟು, ಚಾಕು ಎರಡೂ ಗುಹೆ ದಾಟಿ ಬಂದವು.

ಅವನು ಪರದೆ ನೋಡಿದ. ನನ್ನನ್ನು ನೋಡಿದ. ಕಳ್ಳನನ್ನು ಹಿಡಿದ ದನಿಯಲ್ಲಿ ಹೇಳಿದ: "ಕಾಕಾ, ಬ್ಯಾಗೇತ್ ಚಾಕೂ ಆಹೇ! ಆತ್ ಚಾಲಣಾರ್ ನಾಹೀ. ಬಾಹೇರ್ ಘೇವೂನ್ ಜಾ!"

ಒಳಗೆ ನಡೆಯುವುದಿಲ್ಲ, ಹೊರಗೆ ತೆಗೆದುಕೊಂಡು ಹೋಗಿ! ಆ ಮಾಲು ಕಟ್ಟಿದಂದಿನಿಂದ ಅಲ್ಲಿನ ನಿಯಮವನ್ನು ಅಷ್ಟು ಸಂತೋಷದಿಂದ ಪಾಲಿಸಿದ ಗಿರಾಕಿ ನಾನೊಬ್ಬನೇ ಇರಬೇಕು.