ಬಿಳಿ ಚೌಕವು ಬಸ್ಸೂ ದೋಣಿಯೂ ಆದ ಬಗ್ಗೆ

ಸಾವಿರದ ಒಂಬೈನೂರ ಎಂಬತ್ತೇಳನೇ ಇಸವಿಯಲ್ಲಿ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಿಗೆ ಸೇರಿ ಟೀವಿ ಗೇಮ್ ತಯಾರಿಸುವ ಕಂಪನಿಗಳು ಎರಡು ಇದ್ದವು. ಎರಡೂ ಸಾರ್ವಜನಿಕರ ಹಿತದೃಷ್ಟಿಯಿಂದಲೇ ಸ್ಥಾಪನೆಯಾಗಿದ್ದವು.

ಒಂದು, ಸಾಗರದ ಶರಾವತಿ ಟೀವಿ ಗೇಮ್ಸ್, ಮಾಲೀಕರು ಮುಕುಂದಯ್ಯನವರು. ಇನ್ನೊಂದು, ತೀರ್ಥಹಳ್ಳಿಯ ತುಂಗಾ ಟೀವಿ ಗೇಮ್ಸ್, ಮಾಲೀಕರು ಮಂಜುನಾಥಪ್ಪನವರು. ತಯಾರಿಕೆ ಎಂದರೆ ಒಳಗಿನ ವಯರು, ಗುಂಡಿ ಎಲ್ಲ ಬೊಂಬಾಯಿಯಿಂದ ಬರುತ್ತಿತ್ತು, ಹೊರಗಿನ ಪೆಟ್ಟಿಗೆ ಮಾತ್ರ ನಮ್ಮದು. ಸಾಗರದವರು ಹಲಸಿನ ಹಲಗೆಯಲ್ಲಿ ಮಾಡಿಸುತ್ತಿದ್ದರು, ತೀರ್ಥಹಳ್ಳಿಯವರು ಸಾಗುವಾನಿಯಲ್ಲಿ. ಒಳಗಿನ ಸಾಮಾನು ಇಬ್ಬರಿಗೂ ಒಂದೇ ಗಲ್ಲಿಯ ಒಂದೇ ಅಂಗಡಿಯದು. ಇದು ನನಗೆ ಗೊತ್ತಿರಲು ಕಾರಣ, ಮೊದಲು ತುಂಗಾ ಕಂಪನಿಯ ಪೆಟ್ಟಿಗೆ ಹೊತ್ತು ಊರೂರು ತಿರುಗಿದವನೂ, ಅಲ್ಲಿ ಬೇಜಾರಾಗಿ ಬಂದು ಶರಾವತಿಯದನ್ನು ಹೊತ್ತವನೂ ನಾನೇ. ಭುಜಕ್ಕೆ ಗೊತ್ತಾಗುವ ವ್ಯತ್ಯಾಸ ಮರದ್ದು ಮಾತ್ರ.

ಟಿಕೆಟ್ ಕೊಟ್ಟು ಜನರನ್ನು ಕೂರಿಸಿ, ಪೆಟ್ಟಿಗೆಯನ್ನು ಟೀವಿಗೆ ಸಿಕ್ಕಿಸಿದರೆ ಕಪ್ಪು ಪರದೆಯ ಎಡಗಡೆ ಒಂದು ಬಿಳಿ ಚೌಕ ಮೂಡುತ್ತಿತ್ತು. ಗುಂಡಿ ಒತ್ತಿದರೆ ಮೇಲೆ ಕೆಳಗೆ ಸರಿಯುತ್ತಿತ್ತು. ಎದುರಿನಿಂದ ಸಣ್ಣ ಚೌಕಗಳು ಬರುತ್ತಿದ್ದವು. ತಾಗಿದರೆ ಟುಂಯ್ ಎಂದು ಸದ್ದಾಗಿ ಮೊದಲಿಂದ ಶುರು. ಬೇರೇನೂ ಇರಲಿಲ್ಲ.

ಒಂದೇ ಆಟವನ್ನು ಇಬ್ಬರೂ ಆಡಿಸಿದರೆ ಪೈಪೋಟಿಗೆ ಮರ್ಯಾದೆ ಎಲ್ಲಿ ಬಂತು? ಆದ್ದರಿಂದ ಮುಕುಂದಯ್ಯನವರು ಜೀಪಿಗೆ ಮೈಕು ಕಟ್ಟಿಸಿ ಪ್ರಕಟಣೆ ಹೊರಡಿಸಿದರು: “ಮಹಾಜನಗಳಿಗೆ ತಿಳಿಯಪಡಿಸುವುದೇನೆಂದರೆ, ನಮ್ಮ ಚೌಕವು ಬಸ್ಸು. ಗೇರುಸೊಪ್ಪೆ ಘಾಟಿ ಇಳಿಯುತ್ತಿರುವ ಬಸ್ಸು. ಎದುರಿಗೆ ಬರುವಂಥವು ಲಾರಿಗಳು. ಸದರಿ ಬಸ್ಸು ಬೇರಾವ ಕಂಪನಿಯ ಪೆಟ್ಟಿಗೆಯಲ್ಲೂ ದೊರೆಯುವುದಿಲ್ಲ.”

ವಾರದೊಳಗೆ ತೀರ್ಥಹಳ್ಳಿಯಿಂದ ಇನ್ನೊಂದು ಜೀಪು ಹೊರಟಿತು. “ನಮ್ಮ ಚೌಕವು ದೋಣಿ. ತುಂಗೆಯ ನೆರೆಯಲ್ಲಿ ಸಿಕ್ಕಿಕೊಂಡ ದೋಣಿ. ಎದುರಿಗೆ ಬರುವಂಥವು ಬುಡ ಕಿತ್ತ ಮರಗಳು. ಬಸ್ಸು ನೋಡಬೇಕಾದವರು ಬಸ್ ಸ್ಟ್ಯಾಂಡಿಗೆ ಹೋಗಬಹುದು.”

ಜನ ಇದನ್ನು ಒಪ್ಪಿದರು. ಸಾಗರದಲ್ಲಿ ಚೌಕ ತಾಗಿದಾಗ “ಅಯ್ಯೋ, ಡ್ರೈವರಿಗೆ ಏನಾತೇನ!” ಅನ್ನುತ್ತಿದ್ದರು. ತೀರ್ಥಹಳ್ಳಿಯಲ್ಲಿ ಅದೇ ಚೌಕ ತಾಗಿದಾಗ ಈಜು ಬಾರದವರು ಉಸಿರು ಬಿಗಿ ಹಿಡಿಯುತ್ತಿದ್ದರು.

ತೊಡಕಿದ್ದದ್ದು ಕರೆಂಟಿನದು. ಜೋಗದಲ್ಲಿ ಹುಟ್ಟುವ ಕರೆಂಟು ಹುಟ್ಟಿದ ಕೂಡಲೇ ಪರಸ್ಥಳಕ್ಕೆ ಹೋಗುವುದು ಪದ್ಧತಿ. ಪಕ್ಕದಲ್ಲೇ ಇದ್ದ ನಮಗೆ ಅಲ್ಲಿ ಮಿಕ್ಕಿದ್ದು ಬರಬೇಕು. ಬಸ್ಸು ಘಾಟಿಯ ಎರಡನೇ ತಿರುವಿಗೆ ಬರುವಷ್ಟರಲ್ಲಿ ಕರೆಂಟು ಹೋಗಿಬಿಡುತ್ತಿತ್ತು. “ಟಿಕೆಟ್ ತಗಂಡು ಘಾಟಿ ಅರ್ಧದಲ್ಲಿ ಇಳಿಸ್ತೀರಲ್ಲ, ಇದು ಯಾವ ನ್ಯಾಯ?” ಎಂದು ಗಿರಾಕಿಗಳು ಕೇಳತೊಡಗಿದರು.

ನ್ಯಾಯವಾದ ಪ್ರಶ್ನೆ. ಮುಕುಂದಯ್ಯನವರು ವಿವರಣಾಧಿಕಾರಿ ಎಂಬ ಹುದ್ದೆ ಸೃಷ್ಟಿಸಿ ಹುಲಿಯಪ್ಪನನ್ನು ನೇಮಿಸಿದರು. ಹೊಸನಗರದ ಈ ಹುಲಿಯಪ್ಪ ಅಲ್ಲಿಯ ತನಕ ಸಾಗರದ ಬಸ್ ಸ್ಟ್ಯಾಂಡಿನಲ್ಲಿ “ಆನಂದಪುರ, ಶಿವಮೊಗ್ಗ” ಎಂದು ಕೂಗಿ ಜನ ಹತ್ತಿಸುತ್ತಿದ್ದವನು. ಕರೆಂಟು ಹೋದ ಕೂಡಲೇ ಟೀವಿ ಪಕ್ಕ ನಿಂತು ಬಸ್ಸಿನ ಮುಂದಿನ ಪ್ರಯಾಣವನ್ನು ಬಾಯಲ್ಲಿ ಹೇಳುವುದು ಅವನ ಕೆಲಸ. ಅವನ ಅಗ್ರಿಮೆಂಟಿನಲ್ಲಿ ಹೀಗೆ ಇತ್ತು: “ವಿವರಣಾಧಿಕಾರಿಯು ಕೆಲಸದ ವೇಳೆಯಲ್ಲಾಗಲಿ, ಊಟದ ವೇಳೆಯಲ್ಲಾಗಲಿ, ಜ್ವರ ಬಂದು ಮಲಗಿದಾಗಲಾಗಲಿ ಚೌಕವನ್ನು ಬಸ್ಸಲ್ಲದೆ ಬೇರೇನೂ ಎನ್ನತಕ್ಕದ್ದಲ್ಲ. ಬಸ್ಸು ಕೊನೆಗೆ ಎಲ್ಲಿಗೆ ಮುಟ್ಟುವುದೆಂಬುದನ್ನು ರಕ್ತಸಂಬಂಧಿಗಳಿಗೂ ಪುಕ್ಕಟೆ ಹೇಳತಕ್ಕದ್ದಲ್ಲ.”

ತುಂಗಾ ಕಂಪನಿಯವರು ಸುಮ್ಮನಿರುತ್ತಾರೆಯೇ? ಟೂರಿಂಗ್ ಟಾಕೀಸಿನಲ್ಲಿ ರೀಲು ಹರಿದಾಗ ಜನರನ್ನು ಸಮಾಧಾನ ಮಾಡುತ್ತಿದ್ದ ಶ್ಯಾಮನನ್ನು ಕರೆದು ಅದೇ ಹುದ್ದೆ ಕೊಟ್ಟರು.

ಇನ್ನುಳಿದದ್ದು ಹೊಸನಗರ. ಅಲ್ಲಿ ದುಗ್ಗಪ್ಪನ ಹೋಟೆಲಿನಲ್ಲಿ ಟೀವಿ ಇತ್ತು. ಮೇಜು ಸಾಗುವಾನಿಯದಾದ್ದರಿಂದ ದುಗ್ಗಪ್ಪ ತುಂಗಾ ಪೆಟ್ಟಿಗೆ ತರಿಸಿದ್ದ. ಅದೇ ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಿದ್ದವರು ಹುಲಿಯಪ್ಪನ ತಾಯಿ ಮೂಕಮ್ಮ. ಕೆಲಸ ಮುಗಿಸಿ ಕೈತೊಳೆದು ದಿನಾ ದೋಣಿ ನೋಡುತ್ತಿದ್ದರು. ಒಂದು ಭಾನುವಾರ ಹುಲಿಯಪ್ಪ ಊರಿಗೆ ಬಂದ. ಪೆಟ್ಟಿಗೆ ಹೊತ್ತುಕೊಂಡು ನಾನೂ ಜೊತೆಗಿದ್ದೆ.

“ಬಂದ್ಯನಾ? ಕೂತ್ಕ. ದೋಣಿ ಸುಳಿಗೆ ಬಿದ್ದೈತೆ,” ಅಂದರು ಮೂಕಮ್ಮ.

“ಅದು ಬಸ್ಸು ಕಣವ್ವಾ.”

“ಬಸ್ಸಿಗೆ ಹೊಳೇಲಿ ಎಂತ ಕೆಲ್ಸನಾ?”

“ಅದು ಹೊಳೆಯಲ್ಲ, ಘಾಟಿ. ಅಗ್ರಿಮೆಂಟಲ್ಲಿ ಬರ್ದೈತೆ.”

“ಓಹೋ. ಹೆತ್ತೋಳ ಕಣ್ಣಿಗಿಂತ ಅಗ್ರಿಮೆಂಟ್ ದೊಡ್ದಾತು.” ಆಮೇಲೆ ರಾಜಿಗೆ ಬಂದರು. “ಆತು, ಬಸ್ಸು ಅಂತ್ಲೇ ಇಟ್ಕಳನ. ಕೊನಿಗೆ ಎಲ್ಲಿಗೆ ಹೋತದೆ?”

“ಅದು ಹೇಳಂಗಿಲ್ಲ.”

ಅವತ್ತು ಮೂಕಮ್ಮ ಮೀನುಸಾರು ಮಾಡಿದ್ದರು. ಸಾರು ದೋಣಿಯನ್ನು ಒಪ್ಪುವವರಿಗೆ ಮಾತ್ರ ಎಂದು ತಿಳಿಸಿದರು. ನನಗೆ ಅಗ್ರಿಮೆಂಟ್ ಇರಲಿಲ್ಲವಾದ್ದರಿಂದ ಎರಡು ಸಲ ಬಡಿಸಿಕೊಂಡೆ. ಹುಲಿಯಪ್ಪ ಮಜ್ಜಿಗೆ ಅನ್ನ ಉಂಡ.

ವಿಷಯ ಸಾಗರಕ್ಕೆ ಮುಟ್ಟಿತು. ಮುಕುಂದಯ್ಯನವರು ಹುಲಿಯಪ್ಪನನ್ನು ಕರೆಸಿದರು. “ಹೆತ್ತ ತಾಯಿನೇ ದೋಣಿ ಅಂದ್ರೆ ಊರವರು ನಿನ್ನ ಮಾತು ಯಾಕೆ ನಂಬ್ತಾರೋ? ಹೊಸನಗರದಲ್ಲಿ ಎರಡೂ ಪೆಟ್ಟಿಗೆ ಪಕ್ಕಪಕ್ಕ ಇಟ್ಟು ತೀರ್ಮಾನ ಮಾಡೇಬಿಡಾಣ. ನಿನ್ನವ್ವ ಬಸ್ಸಿನ ಕಡೆ ತಿರುಗಿದ್ರೆ ಕೆಲ್ಸ ಖಾಯಂ. ದೋಣಿ ಕಡೆನೇ ನೋಡ್ತಾ ಕೂತ್ರೆ ವಾಪಸ್ ಹೋಗಿ ಆನಂದಪುರ ಅಂತ ಕೂಗ್ತಾ ನಿಂತ್ಕ.”

ಮಂಜುನಾಥಪ್ಪನವರೂ ಒಪ್ಪಿದರು, ಶ್ಯಾಮನಿಗೂ ಇದೇ ಷರತ್ತು ಹಾಕಿದರು. ಮೂರು ತಾಲ್ಲೂಕಿನ ಟೀವಿ ಗೇಮ್ ಉದ್ಯಮದ ಭವಿಷ್ಯ ಹೀಗೆ ಮೂಕಮ್ಮನವರ ಕುತ್ತಿಗೆಯ ಮೇಲೆ ನಿಂತಿತು.

ಗೊತ್ತಾದ ದಿನ ಸಂಜೆ ಹೋಟೆಲಿನಲ್ಲಿ ಎರಡು ಟೀವಿ ಇಟ್ಟರು. ನಡುವೆ ಮೂಕಮ್ಮನವರಿಗೆ ಕುರ್ಚಿ. ಕರೆಂಟಾಫೀಸಿನ ಮಹಾಗಣಪತಿಯವರೂ ಟಿಕೆಟ್ ತೆಗೆದುಕೊಂಡು ಬಂದಿದ್ದರು. ಆಟ ಶುರುವಾಯಿತು, ಕರೆಂಟು ಹೋಯಿತು. ಯಾರೂ ಉದ್ಗಾರ ತೆಗೆಯಲಿಲ್ಲ. ದುಗ್ಗಪ್ಪ ಲಾಟೀನು ಹಚ್ಚಿಟ್ಟ. ಮೂಕಮ್ಮ ಆಗಲೇ ದೋಣಿಯ ಕಡೆ ವಾಲಿಯಾಗಿತ್ತು.

“ಬ್ರೇಕ್ ಫೇಲಾತು!” ಎಂದು ಹುಲಿಯಪ್ಪ ಚೀರಿದ.

ಅರ್ಧ ಜನ ತಿರುಗಿದರು. ಮೂಕಮ್ಮ ತಿರುಗಲಿಲ್ಲ.

“ದೋಣಿ ತಳ ಒಡೀತು!” ಎಂದ ಶ್ಯಾಮ.

“ಬಸ್ಸಲ್ಲಿ ದಿನ ತುಂಬಿದ ಬಸುರಿ ಅದಾಳೆ!”

“ದೋಣೀಲಿ ಇಬ್ರು ಬಸುರೀರು! ಒಬ್ಬಳಿಗೆ ಅವಳಿ!”

“ಥೂ!” ಮೂಕಮ್ಮ ಎದ್ದೇ ನಿಂತರು. “ಹೊಟ್ಟೇಲಿರೋರನ್ನ ಎಂತಕ್ರಾ ಸಾಯಿಸ್ತೀರಿ? ನಾನು ಮನೀಗೆ ಹೋತೀನಿ.”

ಹುಲಿಯಪ್ಪನ ಮುಖ ಲಾಟೀನಿನ ಬೆಳಕಿನಲ್ಲೂ ಬೆಳ್ಳಗಾದದ್ದು ಕಾಣಿಸಿತು. ತಾಯಿ ಬಾಗಿಲು ದಾಟಿದರೆ ಕೆಲಸ ಹೋಯಿತು. ಅವನು ಬಸ್ ಸ್ಟ್ಯಾಂಡಿನ ಹಳೇ ಗಂಟಲು ತೆಗೆದ.

“ಯಾರೂ ಸಾಯದಿಲ್ಲವ್ವಾ, ಕೂತ್ಕ! ಬಸ್ಸು ಹೊಳೆಬಾಗಿಲಿಗೆ ಬಂತು. ಎದುರಿಗೆ ಶರಾವತಿ ಹಿನ್ನೀರು. ಲಾಂಚ್ ನಿಂತೈತೆ. ಡ್ರೈವರು ಬಸ್ಸನ್ನ ಮೆಲ್ಲಗೆ ಲಾಂಚಿಗೆ ಹತ್ತಿಸ್ತಾ ಅದಾನೆ… ಶ್ಯಾಮಣ್ಣಾ, ನಿನ್ನ ದೋಣಿ ಹಗ್ಗ ಈ ಕಡೆ ಎಸಿ ಮಾರಾಯಾ, ಲಾಂಚಿಗೆ ಕಟ್ಟಿ ಎಳ್ಕಳಾಣ!”

ಶ್ಯಾಮ ಮಂಜುನಾಥಪ್ಪನವರ ಮುಖ ನೋಡಿದ, ಮೂಕಮ್ಮನವರ ಮುಖ ನೋಡಿದ, ಹಗ್ಗ ಎಸೆದ.

ಬಸ್ಸು ದಾಟಿಸುವ ಲಾಂಚ್ ಇರುವ ಹೊಳೆಬಾಗಿಲು ಘಟ್ಟದ ಮೇಲಿನದು, ಗೇರುಸೊಪ್ಪೆ ಘಾಟಿ ಇಳಿದವರು ಅಲ್ಲಿಗೆ ಬಂದು ಮುಟ್ಟುವ ರಸ್ತೆ ಇಲ್ಲ. ಯಾರೂ ಆಕ್ಷೇಪಣೆ ಎತ್ತಲಿಲ್ಲ. ಮೂಕಮ್ಮ ಕೂತರು. ಆದರೆ ನೋಡಿದ್ದು ಬಸ್ಸಿನ ಕಡೆಗೂ ಅಲ್ಲ, ದೋಣಿಯ ಕಡೆಗೂ ಅಲ್ಲ, ಎರಡು ಟೀವಿಗಳ ನಡುವಿನ ಗೋಡೆಗೆ.

“ಗೋಡೆ ಯಾವ ಕಂಪನೀದು?” ಎಂದು ಇಬ್ಬರು ಮಾಲೀಕರೂ ಒಟ್ಟಿಗೆ ಎದ್ದರು.

ಅಷ್ಟರಲ್ಲಿ ಹಿಂದೆಂದೂ ಆಗದಿದ್ದುದು ಆಯಿತು. ಕರೆಂಟು ಬಂತು. ಅದೂ ಪೂರಾ. ಎರಡು ಟೀವಿಗಳಲ್ಲೂ ಬಿಳಿ ಚೌಕ ಒಂದೇ ಕಡೆ ಮೂಡಿ, ಒಂದೇ ಹಾದಿಯಲ್ಲಿ ಓಡಿ, ಒಂದೇ ಚೌಕಕ್ಕೆ ತಾಗಿ, ಒಂದೇ ಉಸಿರಿನಲ್ಲಿ ಟುಂಯ್ ಎಂದವು.

“ಅಲ್ಲಾ, ಎರಡೂ ಒಂದೇ ಅಲ್ಲನಾ?” ಎಂದ ದುಗ್ಗಪ್ಪ. ಇಂಥ ಹೊತ್ತಿನಲ್ಲಿ ಊರು ಬಿಡುವುದು ನನ್ನ ಅಭ್ಯಾಸವಾದ್ದರಿಂದ ನಾನು ಪೆಟ್ಟಿಗೆಯ ಹಗ್ಗ ಹುಡುಕತೊಡಗಿದೆ.

ಮೂಕಮ್ಮ ಸಿಡುಕಿದರು. “ಆರ್ಸ್ರಾ ಅದನ್ನ! ಬಸ್ಸು ಮುಂದಿನ ಚಕ್ರ ಅಷ್ಟೇ ಹತ್ತೈತೆ ಲಾಂಚಿಗೆ, ನಡುವೆ ಈ ಹಾಳು ಚೌಕ ಎಂತಕ್ಕೆ?”

“ಹೌದು, ಕರೆಂಟು ತೆಗೀರಿ!” ಎಂದು ಜನ ಕೂಗಿದರು.

ಮಹಾಗಣಪತಿಯವರು ಎದ್ದು ನಿಂತು, ಕರೆಂಟು ತಾನಾಗಿ ಹೋಗುವುದಕ್ಕೆ ನಿಯಮವಿದೆ, ಕೇಳಿ ತೆಗೆಸಿಕೊಳ್ಳುವುದಕ್ಕೆ ಅರ್ಜಿ ಬೇಕು ಎಂದರು. ಅರ್ಜಿ ಅಲ್ಲೇ ಆಯಿತು. ಮೊದಲ ರುಜು ಮುಕುಂದಯ್ಯನವರದು, ಎರಡನೆಯದು ಮಂಜುನಾಥಪ್ಪನವರದು. ಆದೇಶ ತಡವಾಗದೆ ಬಂತು: “ಸಾರ್ವಜನಿಕರ ಒತ್ತಾಯದ ಮೇರೆಗೆ, ಟೀವಿ ಗೇಮ್ ಪ್ರಾರಂಭವಾದ ಕೂಡಲೇ ವಿದ್ಯುತ್ ಸರಬರಾಜನ್ನು ನಿಲ್ಲಿಸತಕ್ಕದ್ದು. ಆಕಸ್ಮಿಕವಾಗಿ ಕರೆಂಟು ಬಂದು ತೊಂದರೆಯಾದಲ್ಲಿ ಸಂಬಂಧಪಟ್ಟ ಲೈನ್‌ಮನ್ ಮೇಲೆ ಕ್ರಮ ಜರುಗಿಸಲಾಗುವುದು.”

ಕಂಪನಿಗಳು ಎರಡೂ ಏಳಿಗೆ ಹೊಂದಿದವು. ಒಳಗಿನ ಸಾಮಾನು ತರಿಸುವುದನ್ನು ನಿಲ್ಲಿಸಿ ಬರೀ ಪೆಟ್ಟಿಗೆಯನ್ನು ಸುಧಾರಿತ ಮಾದರಿ ಎಂದು ಹೊರತಂದವು. ಹಲಸು ಒಳ್ಳೆಯದೋ ಸಾಗುವಾನಿಯೋ ಎಂಬ ಪೈಪೋಟಿ ಹಾಗೇ ಇದೆ. ನನ್ನ ಭುಜಕ್ಕೆ ಹಗುರವಾಯಿತು. ಹುಲಿಯಪ್ಪ, ಶ್ಯಾಮ ಇಬ್ಬರೂ ಖಾಯಂ ಆದರು. ಗೋಡೆಯನ್ನು ಎರಡು ಕಂಪನಿಯವರೂ ಅರ್ಧರ್ಧ ಬಾಡಿಗೆಗೆ ತೆಗೆದುಕೊಂಡರು.

ಮುಂದಿನ ಭಾನುವಾರ ಮೂಕಮ್ಮ ಮಗನಿಗೆ ಮೀನುಸಾರು ಬಡಿಸಿದರು. ಬಡಿಸುತ್ತಾ ಮೆಲ್ಲಗೆ ಕೇಳಿದರು, “ಲಾಂಚ್ ಇಳಿದ ಮೇಲೆ ಎಲ್ಲಿಗೆ ಹೋತದಾ?”

“ಹೇಳಂಗಿಲ್ಲವ್ವಾ.”

“ಆತು ಬಿಡು,” ಎಂದು ಇನ್ನೊಂದು ತುಂಡು ಹಾಕಿದರು. “ನಾಳೆ ಟಿಕೆಟ್ ತಗಂಡೇ ಬತ್ತೀನಿ. ಕರೆಂಟು ಮಾತ್ರ ಬೇಗ ತೆಗ್ಸು.”